ವೀಣೆ ಪಾಠಕ್ಕೆ ಮೊದಲು ಮೇಳ ಕಟ್ಟಿಸಿ

ಮಾನ್ಯರೇ,

ವಿಜಯದಶಮಿ ಬಂತೆಂದರೆ, ಚಿಕ್ಕಂದಿನಲ್ಲಿ ಜೂನಿಯರ್ ಪರೀಕ್ಷೆಯ ತನಕ ವೀಣೆ ಕಲಿತು ಕೈಬಿಟ್ಟಿದ್ದವರು ನಲವತ್ತು, ಐವತ್ತು ದಾಟಿದ ಮೇಲೆ ಮತ್ತೆ ಪಾಠಕ್ಕೆ ಸೇರುತ್ತಾರೆ. ತುಂಬಾ ಸಂತೋಷದ ಸಂಗತಿ. ಆದರೆ ಅವರಲ್ಲಿ ಹಲವರು ಸಂಕ್ರಾಂತಿಯೊಳಗೆ ನಿಲ್ಲಿಸಿಬಿಡುತ್ತಾರೆ. ಕಿವಿ ಮಂದವಾಗಿದೆ, ಬೆರಳು ಓಡುವುದಿಲ್ಲ, ಇನ್ನೇನು ವಯಸ್ಸಾಯಿತು ಎಂದು ತಮ್ಮನ್ನೇ ದೂರಿಕೊಳ್ಳುತ್ತಾರೆ. ಎಷ್ಟೋ ಸಲ ತಪ್ಪು ಅವರದಲ್ಲ, ಅಟ್ಟದಿಂದ ಇಳಿಸಿದ ವೀಣೆಯದು.

ವೀಣೆಯ ದಂಡಿಯ (ಉದ್ದನೆಯ ಕತ್ತಿನ) ಮೇಲಿನ 24 ಮೆಟ್ಟಿಲುಗಳನ್ನು, ಅಂದರೆ ತಂತಿ ಒತ್ತುವ ಲೋಹದ ಪಟ್ಟಿಗಳನ್ನು, ಮೊಳೆ ಹೊಡೆದು ಕೂರಿಸಿರುವುದಿಲ್ಲ. ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿದ ಕಪ್ಪು ಮೇಣದಲ್ಲಿ ಒಂದೊಂದನ್ನೂ ಸ್ವರ ಕೇಳಿ ಕೇಳಿ ಕೂರಿಸಿರುತ್ತಾರೆ. ಇದೇ ಮೇಳ ಕಟ್ಟುವುದು. ಹೆಂಚಿನ ಕೆಳಗಿನ ಅಟ್ಟದಲ್ಲಿ ಬೇಸಿಗೆಯ ಕಾವಿಗೆ ಮೇಣ ಮೆತ್ತಗಾಗಿ ಮೆಟ್ಟಿಲು ಕೂದಲೆಳೆಯಷ್ಟು ಸರಿಯುತ್ತದೆ, ಚಳಿಗೆ ಅಲ್ಲೇ ಗಟ್ಟಿಯಾಗುತ್ತದೆ. ಹತ್ತಿಪ್ಪತ್ತು ವರ್ಷ ಹೀಗೇ ಕಳೆದರೆ ಮೇಣ ಒಣಗಿ ಬಿರಿಯುತ್ತದೆ, ಒತ್ತಿದ ಕಡೆ ಮೆಟ್ಟಿಲು ಅಲ್ಲಾಡುತ್ತದೆ. ಕಣ್ಣಿಗೆ ಇದು ಸುಲಭವಾಗಿ ಕಾಣುವುದಿಲ್ಲ.

ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಮೊದಲು ಸ್ವರ ನುಡಿಸುವ ನಾಲ್ಕು ತಂತಿಗಳನ್ನು ತಂಬೂರಿಗೆ ಸರಿಯಾಗಿ ಶ್ರುತಿ ಮಾಡಿಕೊಳ್ಳಿ: ಸಾರಣಿ (ಮೊದಲ ತಂತಿ) ಷಡ್ಜಕ್ಕೆ (ಸ), ಎರಡನೆಯದು ಅದರ ಕೆಳಗಿನ ಪಂಚಮಕ್ಕೆ (ಪ), ಮೂರನೆಯದು ಮಂದ್ರ (ಕೆಳಗಿನ ಸ್ಥಾಯಿಯ) ಷಡ್ಜಕ್ಕೆ, ನಾಲ್ಕನೆಯದು ಅದಕ್ಕೂ ಕೆಳಗಿನ ಅನುಮಂದ್ರ ಪಂಚಮಕ್ಕೆ. ಈಗ ಎರಡನೆಯ ತಂತಿಯನ್ನು ಐದನೆಯ ಮೆಟ್ಟಿಲಲ್ಲಿ ಒತ್ತಿ ಮೀಟಿದರೆ ಬರುವ ಸ್ವರ ಖಾಲಿ ಸಾರಣಿಯೊಂದಿಗೆ ಒಂದಾಗಬೇಕು. ಮೂರನೆಯ ತಂತಿಯ ಏಳನೆಯ ಮೆಟ್ಟಿಲು ಖಾಲಿ ಪಂಚಮ ತಂತಿಯೊಂದಿಗೆ ಸೇರಬೇಕು. ಸಾರಣಿಯ ಹನ್ನೆರಡನೆಯ ಮೆಟ್ಟಿಲ ಮೇಲೆ ತಂತಿಯನ್ನು ಒತ್ತದೆ, ಬೆರಳನ್ನು ಬರೀ ತಾಕಿಸಿ ಮೀಟಿ. ತಾರ (ಮೇಲಿನ ಸ್ಥಾಯಿಯ) ಷಡ್ಜ ತೆಳುವಾಗಿ ಕೇಳುತ್ತದೆ. ಒತ್ತಿ ಮೀಟಿದಾಗಲೂ ಅದೇ ಸ್ವರ ಬರಬೇಕು. ಏರಿ ಬಂದರೆ ಮೆಟ್ಟಿಲು ಕುದುರೆಯ (ತಂತಿಗಳು ಹಾದುಹೋಗುವ ಸೇತುವೆಯ) ಕಡೆ ಸರಿದಿದೆ, ಇಲ್ಲವೇ ತಂತಿ ಮೆಟ್ಟಿಲಿನಿಂದ ಅತಿಯಾಗಿ ಎತ್ತರದಲ್ಲಿದೆ. ಮೊಬೈಲಿನ ಶ್ರುತಿ ಆ್ಯಪ್ ಖಾಲಿ ತಂತಿ ಸರಿ ಎಂದು ತೋರಿಸಿದ ಮಾತ್ರಕ್ಕೆ ಮೇಳ ಸರಿ ಇದೆ ಎಂದಾಗುವುದಿಲ್ಲ.

ಇನ್ನೊಂದು ಮೋಸ ಆರಂಭದ ಸ್ವರಾಭ್ಯಾಸವಾದ ಸರಳೆಯಲ್ಲೇ ಅಡಗಿದೆ. ಅದರ ರಾಗ ಮಾಯಾಮಾಳವಗೌಳ ನುಡಿಸುವಾಗ ಬೆರಳು ಬೀಳುವುದು 1, 4, 5, 7, 8, 11, 12ರ ಮೆಟ್ಟಿಲುಗಳ ಮೇಲೆ. 2, 3, 6, 9, 10 ಕೆಟ್ಟಿದ್ದರೂ ಸರಳೆ, ಅದರ ಮುಂದಿನ ಜಂಟಿ ಅಭ್ಯಾಸ ಮುಗಿಯುವವರೆಗೆ ಗೊತ್ತಾಗುವುದಿಲ್ಲ. ಕಲ್ಯಾಣಿ ರಾಗಕ್ಕೋ ಮೋಹನಕ್ಕೋ ಬಂದ ದಿನ ಎಲ್ಲವೂ ಅಪಸ್ವರ, ಕಲಿಯುವವರು ಅಲ್ಲಿಗೆ ಎದೆಗುಂದುತ್ತಾರೆ. ತಗ್ಗಿದ ಸ್ವರವನ್ನು ತಂತಿ ಎಳೆದು ಏರಿಸಿಕೊಳ್ಳಬಹುದು. ಏರಿದ ಸ್ವರವನ್ನು ಇಳಿಸಲು ವೀಣೆಯಲ್ಲಿ ದಾರಿಯೇ ಇಲ್ಲ.

ದಯವಿಟ್ಟು ಬಿದ್ದ ಮೆಟ್ಟಿಲನ್ನು ಫೆವಿಕಾಲ್, ಎಂ-ಸೀಲ್ ಹಾಕಿ ಅಂಟಿಸಬೇಡಿ. ಆಮೇಲೆ ಮೇಳ ಕಟ್ಟುವವರು ಅದನ್ನು ಉಳಿಯಿಂದ ಕೆತ್ತಿ ತೆಗೆಯಬೇಕಾಗುತ್ತದೆ, ಮರಕ್ಕೂ ಗಾಯ. ಮೇಳ ಕಟ್ಟಿಸುವಾಗಲೇ ಕುದುರೆಯನ್ನೂ ತೋರಿಸಿ. ಅದರ ಮೇಲಿನ ಲೋಹದ ತಗಡಿನಲ್ಲಿ ತಂತಿ ಉಜ್ಜಿ ಗೀರು ಬಿದ್ದಿದ್ದರೆ ನಾದ ಮೊಂಡಾಗುತ್ತದೆ ಅಥವಾ ಝರ್ ಎನ್ನುತ್ತದೆ. ಅರದಿಂದ ಉಜ್ಜಿ ಸಮ ಮಾಡಬೇಕು. ತಂತಿ ಬಿಗಿಯುವ ಬಿರಡೆ ಜಾರುತ್ತಿದ್ದರೆ ಸೀಮೆಸುಣ್ಣ ಸವರಿದರೆ ಸಾಕು. ತಂತಿಗಳನ್ನು ಮಾತ್ರ ಪಕ್ಕದಲ್ಲಿರುವ ತಾಳದ ಮೂರೂ ಸೇರಿದಂತೆ ಏಳನ್ನೂ ಒಟ್ಟಿಗೆ ಬದಲಿಸಿ, ತುಕ್ಕು ಹಿಡಿದ ತಂತಿ ಬೆರಳು ಕೊಯ್ಯುತ್ತದೆ. ಹೊಸ ತಂತಿಯ ಶ್ರುತಿ ಕೆಲವು ದಿನ ಇಳಿಯುತ್ತಲೇ ಇರುತ್ತದೆ, ಗಾಬರಿ ಬೇಡ. ಕಟ್ಟಿಸಿದ ವೀಣೆಯನ್ನು ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋದರೆ ಮೇಳ ಮತ್ತೆ ಕೆಡಬಹುದು. ಸರಸ್ವತಿ ಪೂಜೆಯ ದಿನವೂ ದೀಪವನ್ನು ದಂಡಿಯಿಂದ ದೂರವಿಡಿ.

ಇನ್ನು ಪಾಠದ ಮಾತು. ಮರಳಿ ಬಂದವರಿಗೆ ಹಾಡು ನೆನಪಿರುತ್ತದೆ, ಕೈಗೆ ಮರೆತಿರುತ್ತದೆ. ಹಾಗಾಗಿ ಅವರು ಮೊದಲ ವಾರವೇ ವರ್ಣ (ಸರಳೆ, ಜಂಟಿಗಳ ನಂತರದ ಹಂತದ ರಚನೆ) ಕೇಳುತ್ತಾರೆ. ಕೆಲವು ಶಿಕ್ಷಕರು ಒಪ್ಪಿಬಿಡುತ್ತಾರೆ. ಕೆಲವರು ಮಕ್ಕಳಿಗೆ ಹೇಳಿದಂತೆ ಸರಳೆಯನ್ನು ಮೂರು ಕಾಲದಲ್ಲಿ (ವೇಗದಲ್ಲಿ) ಓಡಿಸುತ್ತಾರೆ. ಎರಡೂ ಸರಿಯಲ್ಲ. ಮೊದಲ ತಿಂಗಳು ಒಂದನೆಯ ಕಾಲ ಮಾತ್ರ ಸಾಕು, ಸ್ವರವನ್ನು ಬಾಯಲ್ಲಿ ಹೇಳುತ್ತಾ ನುಡಿಸಬೇಕು. ಮಾಯಾಮಾಳವಗೌಳದ ಜೊತೆಗೇ ಕಲ್ಯಾಣಿ, ಮೋಹನದ ಆರೋಹಣ ಅವರೋಹಣ ಹಾಕಿಕೊಡಿ, ಎಡಗೈಗೆ ಬೇರೆ ಬೇರೆ ಅಂತರಗಳ ಅಳತೆ ಸಿಗುತ್ತದೆ. ಬಲಗೈ ಕಿರುಬೆರಳಿನ ತಾಳದ ಮೀಟು ಎಲ್ಲರೂ ಮೊದಲು ಮರೆಯುವಂಥದ್ದು. ಅದನ್ನು ಮೊದಲ ದಿನದಿಂದಲೇ ಸೇರಿಸಿಕೊಳ್ಳಬೇಕು, ಆಮೇಲೆ ಕೂಡಿಸಲು ಹೋದರೆ ಕೈ ಒಗ್ಗುವುದಿಲ್ಲ.

ಭಾನುವಾರ ಎರಡು ಗಂಟೆ ಕೂರುವುದಕ್ಕಿಂತ ದಿನಕ್ಕೆ ಎರಡು ಸಲ ಹದಿನೈದು ನಿಮಿಷ ಮೇಲು. ಎಡಗೈ ತೋರುಬೆರಳು, ನಡುಬೆರಳ ತುದಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ನುಡಿಸಿದ ಮೇಲೆ ಒಣ ಬಟ್ಟೆಯಿಂದ ತಂತಿ ಒರೆಸಿ. ಬೊಬ್ಬೆ ಎದ್ದರೆ ಆರುವ ತನಕ ನಿಲ್ಲಿಸಿ. ಒಡೆದ ಬೊಬ್ಬೆಯ ಮೇಲೆ ಗಮಕ (ಸ್ವರದ ಓಲಾಟ) ಎಳೆದರೆ ಇನ್ನಷ್ಟು ದಿನ ಹಿಂದೆ ಬೀಳುತ್ತೀರಿ. ಮೂರು ಮನೆ ಶ್ರುತಿ (ಪಾಶ್ಚಾತ್ಯ ‘ಇ’ ಸ್ವರ) ಬಿಗಿ ಎನಿಸಿದರೆ ಎರಡೂವರೆಗೆ ಇಳಿಸಿಕೊಳ್ಳಿ. ಅದಕ್ಕಿಂತ ಬಹಳ ಇಳಿಸುವುದಾದರೆ ದಪ್ಪ ತಂತಿ ಹಾಕಿಸಬೇಕು, ಇಲ್ಲದಿದ್ದರೆ ತಂತಿ ಸಡಿಲವಾಗಿ ಮೆಟ್ಟಿಲಿಗೆ ಬಡಿಯುತ್ತದೆ. ಮಂಡಿ ನೋವಿರುವವರು ಕುರ್ಚಿಯಲ್ಲಿ ಕೂತು, ವೀಣೆಯನ್ನು ಸರಿ ಎತ್ತರದ ಮಣೆ ಅಥವಾ ಮೇಜಿನ ಮೇಲಿಟ್ಟು ನುಡಿಸಲಿ. ಇದರಲ್ಲಿ ಸಂಪ್ರದಾಯಕ್ಕೆ ಯಾವ ಲೋಪವೂ ಇಲ್ಲ.

ವಿದೇಶದಲ್ಲಿರುವ ಕನ್ನಡಿಗರು ಆನ್‌ಲೈನ್ ಪಾಠ ಹೇಳಿಸಿಕೊಳ್ಳುವಾಗ ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಆಯ್ಕೆ ಮಾಡಿಕೊಳ್ಳಬೇಕು. ಇಲ್ಲವಾದರೆ ಗದ್ದಲ ತಗ್ಗಿಸುವ ವ್ಯವಸ್ಥೆ ವೀಣೆಯ ಉದ್ದ ನಾದವನ್ನೇ ಗದ್ದಲವೆಂದು ಎಣಿಸಿ ಕತ್ತರಿಸುತ್ತದೆ, ಗಮಕದ ಬಾಲ ಗುರುವಿಗೆ ಕೇಳುವುದೇ ಇಲ್ಲ. ಕ್ಯಾಮೆರಾ ಮುಖಕ್ಕಲ್ಲ, ಎಡಗೈಗೆ ತಿರುಗಿರಲಿ.

ಕೊನೆಗೆ ಒಂದು ಬೇಡಿಕೆ. ವೀಣೆ ಶೇಷಣ್ಣನವರ, ವೆಂಕಟಗಿರಿಯಪ್ಪನವರ, ದೊರೆಸ್ವಾಮಿ ಅಯ್ಯಂಗಾರ್ಯರಂಥ ವೈಣಿಕರ ಈ ನಾಡಿನಲ್ಲಿ ಪಾಠ ಹೇಳುವವರು ಸಿಗುತ್ತಾರೆ, ಮೇಳ ಕಟ್ಟುವವರನ್ನು ಹುಡುಕಬೇಕಾಗಿದೆ. ಸಣ್ಣ ಊರಿನವರು ವೀಣೆ ಹೊತ್ತು ಮೈಸೂರು, ಬೆಂಗಳೂರಿಗೆ ಬರಬೇಕು, ದಾರಿಯ ಕುಲುಕಾಟಕ್ಕೆ ಕಟ್ಟಿದ ಮೇಳವೂ ಅಲುಗಾಡುತ್ತದೆ. ಸಂಗೀತ ಸಭೆಗಳು, ಅಕಾಡೆಮಿ ಮತ್ತು ಸಂಗೀತ ಕಾಲೇಜುಗಳು ಪ್ರತಿ ವರ್ಷ ದಸರೆಗೆ ಒಂದು ತಿಂಗಳು ಮೊದಲು ಜಿಲ್ಲಾ ಕೇಂದ್ರಗಳಿಗೆ ಮೇಳ ಕಟ್ಟುವವರನ್ನು ಕರೆಸಿ, ಪ್ರಯಾಣ ಮತ್ತು ಊಟ ವಸತಿಯ ಖರ್ಚು ಭರಿಸಿ, ಎರಡು ಮೂರು ದಿನ ಕೂರಿಸಲಿ. ಪಕ್ಕದಲ್ಲಿ ಒಬ್ಬಿಬ್ಬರು ಯುವಕ ಯುವತಿಯರನ್ನು ಸಂಭಾವನೆ ಕೊಟ್ಟು ಕೂರಿಸಿದರೆ ಕೆಲಸವೂ ಕೈ ದಾಟುತ್ತದೆ.

— ವೀಣಾ ಶಿಕ್ಷಕಿ, ಮೈಸೂರು