ಮೊದಲ ಫೀಲ್ಡ್ ಮಾರ್ಷಲ್ ಯಾರು, ಹೇಳಿ ನೋಡುವಾ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಆದಿತ್ಯವಾರದ ಪುಟದಲ್ಲಿ ಬರುವ ಕ್ವಿಜ್ ಬಗ್ಗೆ ಎರಡು ಮಾತು ಬರೀಬೇಕು ಅಂತ ತುಂಬಾ ದಿನದಿಂದ ಇತ್ತು, ಅಡಿಕೆ ಕೆಲಸದ ಎಡೆಯಲ್ಲಿ ಪುರುಸೊತ್ತಾಗ್ಲಿಲ್ಲ. ಈಗ ಅದೇ ಅಡಿಕೆಯ ದೆಸೆಯಿಂದ ಬರೀತಾ ಇದ್ದೇನೆ.

ನಮ್ಮದು ಬದಿಯಡ್ಕದ ಹತ್ತಿರ. ಚಾಲಿ ಸುಲಿಯುವ ದಿನಗಳಲ್ಲಿ ರಾತ್ರಿ ಊಟ ಆದ ಮೇಲೆ ಐದಾರು ಜನ ಒಬ್ಬೊಬ್ಬರ ಜಗಲಿಯಲ್ಲಿ ಒಂದೊಂದು ದಿನ ಸೇರ್ತೇವೆ. ನಾನು, ಹೈಸ್ಕೂಲಿನಿಂದ ರಿಟೈರ್ ಆದ ಮಾಷ್ಟ್ರು, ದುಬೈ ಬಿಟ್ಟು ಬಂದ ನನ್ನ ಭಾವ, ನೆರೆಮನೆಯ ಮಲಯಾಳಿ ದೋಸ್ತಿ, ಮತ್ತೆ ಸೈನ್ಯದ ಎಂಇಜಿಯಲ್ಲಿ, ಅಂದ್ರೆ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ, ಹವಾಲ್ದಾರ್ ಆಗಿದ್ದ ಒಬ್ಬರು. ಕೈ ಅಡಿಕೆ ಸುಲೀತದೆ, ಬಾಯಿ ಸುಮ್ಮನಿರ್ಬೇಕಲ್ಲ, ಮೊದಲು ರೇಟಿನ ಮಾತಾಗ್ತಿತ್ತು, ಆಮೇಲೆ ಎಲೆಚುಕ್ಕಿ ರೋಗದ್ದು, ಅದನ್ನೇ ಮಾತಾಡಿ ಬೇಜಾರಾಗಿ ಒಂದು ದಿನ ಹವಾಲ್ದಾರ್ರು, "ಇವತ್ತು ಯುದ್ಧದ ಪ್ರಶ್ನೆ ಕೇಳ್ತೇನೆ, ಸೋತವ ಒಂದು ಬುಟ್ಟಿ ಜಾಸ್ತಿ ಸುಲಿಯಬೇಕು" ಅಂದ್ರು. ಹಾಗೆ ಶುರುವಾದದ್ದು.

ಅವರ ಮೊದಲ ಪ್ರಶ್ನೆ, ಭಾರತದ ಮೊದಲ ಫೀಲ್ಡ್ ಮಾರ್ಷಲ್ ಯಾರು? ನಾವೆಲ್ಲ ಒಟ್ಟಿಗೆ ಕಾರ್ಯಪ್ಪ ಅಂದೆವು. ಪಕ್ಕದ ಕೊಡಗಿನವರು, ನಮ್ಮವರು, ಇದೂ ಒಂದು ಪ್ರಶ್ನೆಯಾ ಅಂತ ಭಾವ ನಗಾಡಿದ. ಎಲ್ಲರದ್ದೂ ತಪ್ಪು ಮಾರಾಯ್ರೇ! ಕಾರ್ಯಪ್ಪನವರು ಮೊದಲ ಭಾರತೀಯ ಕಮಾಂಡರ್ ಇನ್ ಚೀಫ್, ಅವರು ಅಧಿಕಾರ ವಹಿಸಿಕೊಂಡದ್ದು 1949ರ ಜನವರಿ 15ಕ್ಕೆ, ಅದಕ್ಕೇ ಆ ದಿನ ಸೇನಾ ದಿನಾಚರಣೆ. ಆದ್ರೆ ಫೀಲ್ಡ್ ಮಾರ್ಷಲ್ ಪದವಿ ಮೊದಲು ಸಿಕ್ಕಿದ್ದು ಮಾಣೆಕ್ ಷಾ ಅವರಿಗೆ, 1973ರಲ್ಲಿ. ಕಾರ್ಯಪ್ಪನವರಿಗೆ ಸಿಕ್ಕಿದ್ದು 1986ರಲ್ಲಿ, ರಿಟೈರ್ ಆಗಿ ಮೂವತ್ತಕ್ಕೂ ಹೆಚ್ಚು ವರ್ಷ ಆದ ಮೇಲೆ. ಆ ರಾತ್ರಿ ನಾಲ್ಕು ಬುಟ್ಟಿ ಜಾಸ್ತಿ ಸುಲಿದೆವು.

ಇದನ್ನು ಯಾಕೆ ಹೇಳ್ತೇನೆ ಅಂದ್ರೆ, ನನ್ನ ಮಗಳು ಪ್ಲಸ್ ಟೂನಲ್ಲಿರುವಾಗ ಒಂದು ಕಡೆ ಕ್ವಿಜ್ ಸ್ಪರ್ಧೆಗೆ ಹೋಗಿದ್ದಳು, ಎಲ್ಲಿ ಅಂತ ಬೇಡ. ಅಲ್ಲಿ ಇದೇ ಪ್ರಶ್ನೆ. ಅವಳು ಮಾಣೆಕ್ ಷಾ ಅಂದ್ಳು. ಕ್ವಿಜ್ ಮಾಸ್ಟರ್ ಕಾರ್ಯಪ್ಪ ಅಂತ ಹೇಳಿ ಅಂಕ ಪಕ್ಕದ ಟೀಮಿಗೆ ಕೊಟ್ರು, ಚಪ್ಪಾಳೆಯೂ ಬಿತ್ತು. ಅವಳು ಮನೆಗೆ ಬಂದು ಮುಖ ಊದಿಸಿಕೊಂಡು ಕೂತಾಗ ನಾನೂ, "ಕಾರ್ಯಪ್ಪ ಅಲ್ಲದೆ ಮತ್ತೆ ಯಾರು?" ಅಂದುಬಿಟ್ಟಿದ್ದೆ. ಮೊನ್ನೆ ಫೋನ್ ಮಾಡಿ ತಪ್ಪಾಯ್ತು ಮಗಾ ಅಂದೆ, ಅವಳಿಗೆ ಆ ಸಂಗತಿಯೇ ಮರೆತುಹೋಗಿದೆ.

ಈಗ ನಮ್ಮ ಜಗಲಿಯಲ್ಲಿ ಒಂದು ರೂಲು ಉಂಟು. ಬರೀ ಹೆಸರು ಹೇಳಿದ್ರೆ ಅರ್ಧ ಅಂಕ, ಅದರ ಹಿಂದಿನ ಕಥೆ ಹೇಳಿದ್ರೆ ಮಾತ್ರ ಪೂರ್ತಿ. ಇಸವಿ ಬಾಯಿಪಾಠ ಮಾಡಿದವ ಗೆಲ್ಲಬಾರದು ಅಂತ ಮಾಷ್ಟ್ರು ಮಾಡಿದ್ದು, ಅವರು ನಲವತ್ತು ವರ್ಷ ಮಕ್ಕಳಿಂದ ಇಸವಿಯನ್ನೇ ಬಾಯಿಪಾಠ ಮಾಡಿಸಿದವರು, ಇರಲಿ. ಈ ರೂಲು ಬಂದ ಮೇಲೆ ಆಟದ ಗಮ್ಮತ್ತೇ ಬೇರೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಯಾರು ಅಂದ್ರೆ ಕೊಡಗಿನ ಪೈಲಟ್, ಮಹಾವೀರ ಚಕ್ರ ಅಂತ ಹೇಳಿ ಅರ್ಧ ಅಂಕ ತಗೊಳ್ಬಹುದು. ಆದ್ರೆ ಕಥೆ ಕೇಳಿ. 1965ರ ಸೆಪ್ಟೆಂಬರ್ 7ಕ್ಕೆ ಸರ್ಗೋಧಾ ವಿಮಾನ ನಿಲ್ದಾಣದ ಮೇಲೆ ನಮ್ಮ ಮಿಸ್ಟೀರ್ ವಿಮಾನಗಳು ದಾಳಿಗೆ ಹೋಗ್ತವೆ, ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದು ಎದುರಾಗ್ತದೆ, ಅದು ಮಿಸ್ಟೀರ್‌ಗಿಂತ ಎಷ್ಟೋ ಪಾಲು ವೇಗದ್ದು, ದೇವಯ್ಯನವರ ವಿಮಾನಕ್ಕೆ ಏಟು ಬೀಳ್ತದೆ, ಅವರು ತಪ್ಪಿಸಿಕೊಂಡು ಓಡುವ ಬದಲು ತಿರುಗಿ ನಿಂತು ಆ ಸ್ಟಾರ್‌ಫೈಟರನ್ನೇ ಹೊಡೆದು ಉರುಳಿಸ್ತಾರೆ. ಆ ಪೈಲಟ್ ಹಾರಿ ಬದುಕಿದ, ದೇವಯ್ಯ ವಾಪಸ್ ಬರಲಿಲ್ಲ. ಇಲ್ಲಿ ನಮ್ಮವರಿಗೆ ಅಲ್ಲಿ ಎಂತ ಆಯ್ತು ಅಂತಲೇ ಗೊತ್ತಿಲ್ಲ. ವರ್ಷಗಟ್ಟಲೆ ಆದ ಮೇಲೆ ವಿದೇಶದ ಒಬ್ಬ ಲೇಖಕ ಪಾಕಿಸ್ತಾನದ ಕಡೆಯ ವಿವರ ಬರೆದಾಗ ಸಂಗತಿ ಹೊರಗೆ ಬಂತು. ಪದಕ ಕೊಟ್ಟದ್ದು 1988ರಲ್ಲಿ, ಇಪ್ಪತ್ಮೂರು ವರ್ಷ ಕಳೆದು! ಭಾವ ಇದನ್ನು ಹೇಳಿ ಮುಗಿಸುವಾಗ ಯಾರ ಕೈಯಲ್ಲೂ ಅಡಿಕೆ ಅಲುಗಾಡ್ತಾ ಇರಲಿಲ್ಲ. ಇದನ್ನು ಎ, ಬಿ, ಸಿ, ಡಿ ಹಾಕಿ ಕೇಳಿದ್ರೆ ಎಂತ ಸಿಗ್ತದೆ ಹೇಳಿ.

ಮಲಯಾಳಿ ದೋಸ್ತಿ ಒಂದು ದಿನ ಕೇಳಿದ, ನಮ್ಮ ಭಾಷೆಯಲ್ಲಿ ತುಂಬಾ ದೊಡ್ಡದಕ್ಕೆ ಎಮಂಡನ್ ಅಂತ ಹೇಳ್ತೇವಲ್ಲ, ಅದಕ್ಕೂ ಯುದ್ಧಕ್ಕೂ ಎಂತ ಸಂಬಂಧ? ದಿನಾ ಕಿವಿಗೆ ಬೀಳುವ ಶಬ್ದ ಅದು, ಬಸ್ಸಿನಲ್ಲಿ, ಮೀನಿನ ಮಾರ್ಕೆಟಲ್ಲಿ. ನಮಗೆ ಯಾರಿಗೂ ಗೊತ್ತಿಲ್ಲ. ಅದು ಎಮ್ಡನ್ ಅಂತ ಜರ್ಮನ್ ಯುದ್ಧನೌಕೆಯ ಹೆಸರಿಂದ ಬಂದದ್ದಂತೆ. 1914ರ ಸೆಪ್ಟೆಂಬರ್ 22ರ ರಾತ್ರಿ ಆ ಹಡಗು ಮದ್ರಾಸಿನ ಎದುರು ಬಂದು ನಿಂತು ಎಣ್ಣೆ ಟ್ಯಾಂಕುಗಳಿಗೆ ಶೆಲ್ ಹೊಡೆದು ಬೆಂಕಿ ಹಾಕಿ ಮಾಯ ಆಗಿತ್ತು. ಅದರ ಇನ್ನೊಂದು ಚಾಲಾಕಿ ನನಗೆ ಭಾರೀ ಖುಷಿಯಾದದ್ದು. ಅದಕ್ಕೆ ಇದ್ದದ್ದು ಮೂರು ಹೊಗೆಕೊಳವೆ, ಬ್ರಿಟಿಷ್ ಹಡಗಿನ ಹಾಗೆ ಕಾಣಲಿಕ್ಕೆ ನಾಲ್ಕನೆಯದೊಂದನ್ನು ಸುಳ್ಳೇ ಕಟ್ಟಿ ನಿಲ್ಲಿಸಿದ್ರಂತೆ, ನಮ್ಮ ಮೇಳದವರು ಬಣ್ಣದ ವೇಷಕ್ಕೆ ಕಿರೀಟ ಕಟ್ಟಿದ ಹಾಗೆ. ಕೊನೆಗೆ ಅದೇ ನವೆಂಬರ್ 9ಕ್ಕೆ ಕೋಕೋಸ್ ದ್ವೀಪದ ಹತ್ತಿರ ಆಸ್ಟ್ರೇಲಿಯಾದ ಸಿಡ್ನಿ ಎಂಬ ಹಡಗು ಅದರ ವೇಷ ಕಳಚಿಸಿತು. ಮರುದಿನ ಪೇಟೆಗೆ ಹೋದಾಗ ಯಾರೋ ಒಂದು ಹಲಸಿನಹಣ್ಣು ತೋರಿಸಿ ಎಮಂಡನ್ ಅಂದ್ರು, ನನಗೆ ನಗೆ ತಡೀಲಿಲ್ಲ.

ನಾನು ಕೇಳಿದ ಪ್ರಶ್ನೆಯಲ್ಲಿ ನಾನೇ ಬಿದ್ದದ್ದೂ ಹೇಳ್ಬೇಕು. ಸೈನ್ಯದ ಖಾಕಿ ಬಟ್ಟೆ ಮೊದಲು ಎಲ್ಲಿ ಬಂತು ಅಂತ ಕೇಳಿ, ಮಂಗಳೂರಿನ ಬಲ್ಮಠ, ಬಾಸೆಲ್ ಮಿಷನಿನ ನೇಯ್ಗೆ ಶಾಲೆ, ಹಾಲರ್ ಎಂಬ ಜರ್ಮನ್, 1851 ಅಂತ ನಾನೇ ಎದೆ ಉಬ್ಬಿಸಿ ಉತ್ತರವನ್ನೂ ಹೇಳಿದ್ದೆ. ಮಾಷ್ಟ್ರು ತಣ್ಣಗೆ, "ಹಾಲರ್ ಇಲ್ಲಿ ಖಾಕಿ ಬಣ್ಣ ಮಾಡಿದ್ದು ಹೌದಿರಬಹುದು, ಆದ್ರೆ ಪೇಶಾವರದಲ್ಲಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ಪಡೆ 1840ರ ದಶಕದಲ್ಲೇ ಮಣ್ಣಿನ ಬಣ್ಣದ ಬಟ್ಟೆ ಹಾಕ್ತಿತ್ತಲ್ಲ, ಖಾಕಿ ಅಂದ್ರೇ ಮಣ್ಣಿನದು ಅಂತ ಅರ್ಥ" ಅಂದ್ರು. ಊರಿನ ಅಭಿಮಾನದಲ್ಲಿ ನಾನು ಅಷ್ಟು ಯೋಚನೆ ಮಾಡಿರಲಿಲ್ಲ. ಬುಟ್ಟಿ ನನ್ನ ಎದುರಿಗೆ ಬಂತು.

ಹವಾಲ್ದಾರ್ರ ಫೇವರಿಟ್ ಪ್ರಶ್ನೆ ನವೆಂಬರ್ 1. ಆ ತಾರೀಕು ಅಂದ ಕೂಡ್ಲೆ ನಮ್ಮ ಗಡಿನಾಡಿನವರಿಗೆ 1956 ನೆನಪಾಗ್ತದೆ, ಅತ್ತ ರಾಜ್ಯೋತ್ಸವ, ಇತ್ತ ಕೇರಳ ಪಿರವಿ, ನಡುವೆ ನಾವು, ಅದು ಬೇಡ ಈಗ. ಅವರು ಕೇಳಿದ್ದು 1948ರ ನವೆಂಬರ್ 1. ಕಾಶ್ಮೀರದಿಂದ ಲಡಾಖಿಗೆ ಹೋಗುವ ದಾರಿಯ ಜೋಜಿ ಲಾ ಕಣಿವೆ, ಹನ್ನೊಂದು ಸಾವಿರ ಅಡಿಗಿಂತ ಎತ್ತರ, ಹಿಮ, ಅಲ್ಲಿಗೆ ಜನರಲ್ ತಿಮ್ಮಯ್ಯನವರು ಟ್ಯಾಂಕ್ ಹತ್ತಿಸಿದ್ರು, ಆವರೆಗೆ ಅಷ್ಟು ಎತ್ತರದಲ್ಲಿ ಟ್ಯಾಂಕ್ ಯುದ್ಧ ಮಾಡಿದವರಿಲ್ಲ, ಎದುರಿನವರು ಕನಸಲ್ಲೂ ಎಣಿಸಿರಲಿಲ್ಲ. ಆದ್ರೆ ಹೇಸರಗತ್ತೆ ನಡೆಯುವ ದಾರಿಯನ್ನು ಟ್ಯಾಂಕ್ ಹೋಗುವ ರಸ್ತೆ ಮಾಡಿದ್ದು ಯಾರು? ಅಲ್ಲಿ ಹವಾಲ್ದಾರ್ರ ಮುಖ ಅರಳ್ತದೆ. ಮದ್ರಾಸ್ ಸ್ಯಾಪರ್ಸ್, ಅಂದ್ರೆ ಅದೇ ಎಂಇಜಿ, ಅವರ ತಂಬಿಗಳು. ಇದನ್ನು ಅವರು ಈವರೆಗೆ ನಾಲ್ಕು ಸಲ ಕೇಳಿಯಾಯ್ತು, ನಾವು ಪ್ರತಿ ಸಲವೂ ಗೊತ್ತಿಲ್ಲ ಅಂತ್ಲೇ ಹೇಳ್ತೇವೆ.

ನಾಚಿಕೆಯಾದದ್ದು ಬೇಕಲ ಕೋಟೆಯ ಪ್ರಶ್ನೆಗೆ. ವಾಟರ್‌ಲೂ ಯಾವ ಇಸವಿ ಅಂದ್ರೆ ಐದೂ ಜನ 1815 ಅಂತೇವೆ. ಬೇಕಲ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ ಅಂತ ಗೊತ್ತಿದ್ದದ್ದು ಮಾಷ್ಟ್ರಿಗೆ ಮಾತ್ರ. ಅಷ್ಟು ದೊಡ್ಡ ಕೋಟೆಯೊಳಗೆ ಅರಮನೆ ಯಾಕಿಲ್ಲ ಅಂದ್ರೆ ಭಾವ, "ಬಿದ್ದು ಹೋಗಿರಬೇಕು" ಅಂದ. ಅಲ್ಲವಂತೆ, ಅದು ರಾಜ ವಾಸ ಮಾಡ್ಲಿಕ್ಕೆ ಕಟ್ಟಿದ್ದಲ್ಲ, ಕಡಲ ಕರೆ ಕಾಯ್ಲಿಕ್ಕೇ ಕಟ್ಟಿದ್ದು. ಗೋಡೆಯಲ್ಲಿ ಮೇಲೆ, ನಡುವೆ, ಕೆಳಗೆ ಅಂತ ತೂತುಗಳುಂಟಲ್ಲ, ಎಲ್ಲ ಒಂದೇ ಓರೆಯಲ್ಲಿಲ್ಲ, ಮೇಲಿನದ್ದು ದೂರದ ಶತ್ರುವಿಗೆ, ಅದರ ಕೆಳಗಿನದ್ದು ಹತ್ತಿರ ಬಂದವನಿಗೆ, ತೀರ ಕೆಳಗಿನದ್ದು ಗೋಡೆಯ ಬುಡಕ್ಕೇ ಬಂದವನಿಗೆ ಗುರಿಯಿಡ್ಲಿಕ್ಕೆ. ನಾನು ನೆಂಟರನ್ನು ಕರ್ಕೊಂಡು ಇಪ್ಪತ್ತು ಸಲ ಆದ್ರೂ ಅಲ್ಲಿಗೆ ಹೋಗಿರ್ಬಹುದು. ಆ ತೂತಲ್ಲಿ ಮಕ್ಕಳ ಮುಖ ಇಡಿಸಿ ಫೋಟೋ ತೆಗೆದದ್ದು ಬಿಟ್ಟು ಬೇರೆ ಎಂತದೂ ಮಾಡ್ಲಿಲ್ಲ.

ಹಾಗಾಗಿ ಸಂಪಾದಕರೇ, ನಿಮ್ಮ ಕ್ವಿಜಿನಲ್ಲಿ ಹತ್ತು ಪ್ರಶ್ನೆ ಬದಲು ನಾಲ್ಕೇ ಹಾಕಿ, ಆದ್ರೆ ಉತ್ತರದ ಒಟ್ಟಿಗೆ ಐದಾರು ಸಾಲು ಕಥೆ ಕೊಡಿ. ಅದರಲ್ಲಿ ಒಂದಾದ್ರೂ ನಮ್ಮ ಕಡೆಯದ್ದಿರಲಿ, ಕುಂಬಳೆ, ಚಂದ್ರಗಿರಿ, ಹೊಸದುರ್ಗ, ಎಲ್ಲ ಕಡೆ ಕೋಟೆ ಉಂಟು, ಪ್ರಶ್ನೆಗೆ ಬರಗಾಲ ಇಲ್ಲ. ಹಾಕುವ ಮೊದಲು ಉತ್ತರ ಸರಿ ಉಂಟಾ ಅಂತ ಗೊತ್ತಿದ್ದವರ ಹತ್ರ ಒಮ್ಮೆ ಕೇಳಿ, ನನ್ನ ಮಗಳ ಹಾಗೆ ಇನ್ನೊಂದು ಮಗು ಮುಖ ಊದಿಸಿ ಕೂರುವುದು ಬೇಡ. ಮತ್ತೆ ಆ ಉತ್ತರಗಳನ್ನು ತಲೆಕೆಳಗಾಗಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಪ್ರಿಂಟ್ ಮಾಡುವುದನ್ನು ಒಮ್ಮೆ ನಿಲ್ಲಿಸಿ, ನಮ್ಮಲ್ಲಿ ಮೂರು ಜನಕ್ಕೆ ಕನ್ನಡಕ, ಪೇಪರ್ ತಿರುಗಿಸಿ ಹಿಡಿದು ಲೈಟಿನ ಬುಡಕ್ಕೆ ಹೋಗುವಷ್ಟರಲ್ಲಿ ಅಡಿಕೆ ಚೆಲ್ಲಿ ಹೋಗ್ತದೆ.

ನಿಮ್ಮ ಓದುಗರಿಗೆ ನಮ್ಮ ಜಗಲಿಯಿಂದ ಒಂದು ಪ್ರಶ್ನೆ ಕಳಿಸ್ತಾ ಇದ್ದೇನೆ, ಜಾಗ ಇದ್ರೆ ಹಾಕಿ. 1565ರ ತಾಳಿಕೋಟೆ ಯುದ್ಧ ಎಲ್ಲಿ ನಡೆಯಿತು? ತಾಳಿಕೋಟೆಯಲ್ಲಿ ಅಂತ ಬರೆದವರು ಸೀದಾ ನಮ್ಮ ಮನೆಗೆ ಬರಲಿ, ಇನ್ನೂ ಎಂಟು ಗೋಣಿ ಸುಲಿಯಲಿಕ್ಕೆ ಬಾಕಿ ಉಂಟು.

ಇತಿ,
ಬದಿಯಡ್ಕ ಕಡೆಯ ಒಬ್ಬ ಓದುಗ, ಕಾಸರಗೋಡು ಜಿಲ್ಲೆ