ಬೀಗದ ಕೈ ಬೇಡ: ತಂಗಿಯ ಮಗನಿಗೊಂದು ಪತ್ರ

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಹೆಂಡತಿಗೆ ಬರುವ ಮೂರ್ಛೆಯ ಬಗ್ಗೆ ನೀನು ಬರೆದ ಪತ್ರವನ್ನು ಮೂರು ಸಲ ಓದಿದೆ. ನಾಲ್ಕು ಪುಟದಲ್ಲಿ ಮೂರೂವರೆ ಪುಟ ಆಸ್ಪತ್ರೆಯ ಖರ್ಚು, ಸಿಗದ ರಜೆ, ಬೆಂಗಳೂರಿನ ಟ್ರಾಫಿಕ್. ಕೊನೆಗೆ ಹಾಳೆಯ ಅಂಚಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ನಿಜವಾದ ಪ್ರಶ್ನೆ: "ಎಲ್ಲ ಪರೀಕ್ಷೆಯೂ ಸರಿಯಿದೆ ಎನ್ನುತ್ತಾರೆ. ಹಾಗಾದರೆ ಅವಳು ನಟಿಸುತ್ತಿದ್ದಾಳೆಯೇ ದೊಡ್ಡಮ್ಮ?"

ಇಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ. ಉಳಿದದ್ದನ್ನು ನಿಧಾನವಾಗಿ ಓದು.

ವಿಡಿಯೊ ಇಇಜಿ ಎಂದರೆ ತಲೆಗೆ ತಂತಿ ಅಂಟಿಸಿ, ಎದುರಿಗೆ ಕ್ಯಾಮೆರಾ ಇಟ್ಟು, ಮೂರ್ಛೆ ಬರುವವರೆಗೆ ಕಾಯುವ ಪರೀಕ್ಷೆ. ನಮ್ಮ ಸೊಸೆಗೆ ಮೂರ್ಛೆ ಬಂದ ಹೊತ್ತಿನಲ್ಲಿ ಮಿದುಳಿನಲ್ಲಿ ಅಪಸ್ಮಾರದ ವಿದ್ಯುತ್ ಗದ್ದಲ ಕಾಣಿಸಲಿಲ್ಲ. ಆ ಮೂರ್ಛೆ ಅಪಸ್ಮಾರದ್ದಲ್ಲ ಎಂದಷ್ಟೇ ಅದರಿಂದ ತಿಳಿಯಿತು. ಏನೂ ಆಗಿಲ್ಲ ಎಂದು ಅದು ಎಲ್ಲಿ ಹೇಳಿತು? ಕಣ್ಣು ಬಿಗಿಯಾಗಿ ಮುಚ್ಚಿರುತ್ತದೆ, ತಲೆ ಅತ್ತಿತ್ತ ಹೊರಳುತ್ತದೆ, ಕಾಲು ಗಂಟೆ ನಡೆಯುತ್ತದೆ, ನಡುವೆ ನಿಂತು ಮತ್ತೆ ಶುರುವಾಗುತ್ತದೆ ಎಂದು ಬರೆದಿದ್ದೀಯೆ. ಅಪಸ್ಮಾರದ ದೊಡ್ಡ ಮೂರ್ಛೆಯಲ್ಲಿ ಸಾಮಾನ್ಯವಾಗಿ ಕಣ್ಣು ತೆರೆದೇ ಇರುತ್ತದೆ, ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಇಷ್ಟು ತಿಳಿಯಿತೆಂದು ನೀನು ಮನೆಯಲ್ಲಿ ಡಾಕ್ಟರಾಗಬೇಡ. ಎರಡು ಬಗೆಯ ಮೂರ್ಛೆಯೂ ಒಬ್ಬರಿಗೇ ಬರುವುದುಂಟು. ಎರಡು ವರ್ಷದಿಂದ ನುಂಗುತ್ತಿರುವ ಫಿಟ್ಸ್ ಮಾತ್ರೆಯನ್ನು ನೀವಾಗಿ ನಿಲ್ಲಿಸಲೂಬೇಡಿ. ಅದನ್ನು ವೈದ್ಯರೇ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ನಟನೆ ಎಂಬ ಮಾತು ಕೇಳಿದರೆ ನನಗೆ 1979 ನೆನಪಾಗುತ್ತದೆ. ಆಗ ನಾನು ಹೊಸ ನರ್ಸ್, ಇಪ್ಪತ್ತೆರಡು ವರ್ಷ, ತಿಳಿವಳಿಕೆಗಿಂತ ಇಸ್ತ್ರಿ ಮಾಡಿದ ಟೋಪಿಯೇ ದೊಡ್ಡದು. ರಾತ್ರಿ ಪಾಳಿಯಲ್ಲಿ ಹದಿನೇಳರ ಹುಡುಗಿಯೊಬ್ಬಳನ್ನು ಹೊತ್ತು ತಂದರು. ನೋಡಿದವರು "ಹಿಸ್ಟೀರಿಯಾ, ನಾಟಕ" ಎಂದರು. ಅಮೋನಿಯಾದಲ್ಲಿ ಅದ್ದಿದ ಹತ್ತಿಯನ್ನು ಅವಳ ಮೂಗಿಗೆ ಒತ್ತಿ ಹಿಡಿದವಳು ನಾನೇ. ಉಸಿರುಗಟ್ಟಿ, ಕಣ್ಣಲ್ಲಿ ನೀರು ಸುರಿಸುತ್ತ ಎದ್ದು ಕುಳಿತಳು. ವಾರ್ಡಿಗೆ ವಾರ್ಡೇ ನಕ್ಕಿತು. ಮೂರು ತಿಂಗಳಾದ ಮೇಲೆ ಅವಳೇ ಮತ್ತೆ ಬಂದಳು. ಈ ಸಲ ಮೂರ್ಛೆ ಇರಲಿಲ್ಲ, ದನಿಯೂ ಇರಲಿಲ್ಲ. ತುಟಿ ಆಡುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಅವಳ ಮೇಲೆ ಏನು ನಡೆದಿತ್ತೋ, ನಮ್ಮಲ್ಲಿ ಯಾರೊಬ್ಬರೂ ಕೇಳಲಿಲ್ಲ.

ಇದು ಹೇಗೆ ಆಗುತ್ತದೆ ಎಂದರೆ, ನಮ್ಮ ತೋಟವನ್ನೇ ನೆನೆಸಿಕೋ. ಆ ವರ್ಷದ ನೆರೆಯಲ್ಲಿ ನಿನ್ನ ದೊಡ್ಡಪ್ಪ ರಾತ್ರೋರಾತ್ರಿ ಒಡ್ಡು ಕಡಿದು ನೀರನ್ನು ಪಕ್ಕಕ್ಕೆ ಬಿಟ್ಟರು. ಬಿಡದಿದ್ದರೆ ಅಡಿಕೆ ಮರ ಉಳಿಯುತ್ತಿರಲಿಲ್ಲ. ಆದರೆ ಕಡಿದ ದಾರಿ ಹಾಗೇ ಉಳಿಯಿತು. ಮರುವರ್ಷ ಸಣ್ಣ ಮಳೆಗೂ ನೀರು ಅತ್ತಲೇ ನುಗ್ಗಿತು. ತಡೆಯಲಾಗದ ಭಯ ಅಥವಾ ನೋವು ಎರಗಿದಾಗ ಮನಸ್ಸೂ ಒಂದು ಕಡೆ ಒಡ್ಡು ಕಡಿಯುತ್ತದೆ. ನೆನಪು ಒಂದು ಕಡೆ, ಮೈ ಒಂದು ಕಡೆ, ಎಚ್ಚರ ಇನ್ನೊಂದು ಕಡೆ. ಆ ಹೊತ್ತಿಗೆ ಅದರಿಂದ ಜೀವ ಉಳಿಯುತ್ತದೆ. ಆಮೇಲೆ ಬಾಗಿಲು ಬಡಿದ ಸದ್ದಿಗೂ, ಏರಿದ ಒಂದು ದನಿಗೂ ಮನಸ್ಸು ಅದೇ ದಾರಿ ಹಿಡಿಯುತ್ತದೆ. ಡಿಸೋಸಿಯೇಷನ್ ಎಂದು ನಿನ್ನ ವೈದ್ಯರು ಹೇಳಿದ್ದು ಇದನ್ನು. ಪ್ಯಾರಿಸ್ಸಿನ ಮನಶ್ಶಾಸ್ತ್ರಜ್ಞ ಪಿಯರ್ ಜಾನೆ 1889ರಲ್ಲೇ ಇದರ ಬಗ್ಗೆ ವಿವರವಾಗಿ ಬರೆದಿದ್ದ. ಸಿನಿಮಾದವರು ತೋರಿಸುವ, ಒಬ್ಬಳೊಳಗೆ ಇನ್ನೊಬ್ಬಳು ಹೊಕ್ಕು ಮಾತನಾಡುವ ಬಗೆ ಇದರ ಒಂದು ಮೂಲೆ ಮಾತ್ರ. ನಮ್ಮ ಕಡೆ ಆಸ್ಪತ್ರೆಗೆ ಬರುವುದು ಹೆಚ್ಚಾಗಿ ಮೂರ್ಛೆ, ಬಿದ್ದುಹೋದ ದನಿ, ಸೋತ ಕಾಲು, ಮೈಮೇಲೆ ಬರುವುದು.

ಹೆಂಗಸರ ಕಾಯಿಲೆ ಎಂದು ನಿನ್ನ ಗೆಳೆಯ ಹೇಳಿದನಂತೆ. ಹಿಸ್ಟೀರಿಯಾ ಎಂಬ ಹೆಸರೇ ಗರ್ಭಕೋಶದ ಗ್ರೀಕ್ ಪದದಿಂದ ಬಂದದ್ದು, ಅವನದೇನು ತಪ್ಪು ಬಿಡು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಒಂದು ಗಾಯವೂ ಇಲ್ಲದೆ ಕಣ್ಣು, ದನಿ, ಕಾಲಿನ ಬಲ ಕಳೆದುಕೊಂಡವರು ಗಟ್ಟಿಮುಟ್ಟಾದ ಗಂಡಸರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ ಅದನ್ನು ಶೆಲ್ ಶಾಕ್ ಎಂಬ ಹೆಸರಿನಲ್ಲಿ ದಾಖಲಿಸಿದ. ಸೇನೆ ಮಾತ್ರ ನಟನೆಯ ಅನುಮಾನ ಬಿಡಲಿಲ್ಲ. ಓಡಿಹೋದರು, ಹೇಡಿಗಳು ಎಂದೆಲ್ಲ ಆರೋಪ ಹೊರಿಸಿ ಬ್ರಿಟಿಷ್ ಸಾಮ್ರಾಜ್ಯ ಗುಂಡಿಕ್ಕಿದ 306 ಸೈನಿಕರಿಗೆ 2006ರಲ್ಲಿ ಕ್ಷಮಾದಾನ ಕೊಟ್ಟರು, ಸತ್ತು ತೊಂಬತ್ತು ವರ್ಷ ಆದಮೇಲೆ. ಅವರಲ್ಲಿ ಈ ಕಾಯಿಲೆಯವರೂ ಇದ್ದರು. ಆಘಾತದ ನಂತರದ ಒತ್ತಡದ ಕಾಯಿಲೆ ಎಂಬ ಹೆಸರು ಅಮೆರಿಕದ ವೈದ್ಯರ ಪಟ್ಟಿ ಸೇರಿದ್ದು 1980ರಲ್ಲಿ, ಅದೂ ವಿಯೆಟ್ನಾಮಿನಿಂದ ಮರಳಿದ ಸೈನಿಕರ ಒತ್ತಾಯದ ಮೇಲೆ.

ನಿನ್ನ ಅಮ್ಮ ಮಂತ್ರವಾದಿಯ ಮಾತೆತ್ತಿದ್ದಾಳೆ ಎಂದೆಯಲ್ಲ. ಕೋಲದ ಗಗ್ಗರ ಕಟ್ಟಿಕೊಂಡವನ ಮೈಮೇಲೆ ದೈವ ಬರುವುದನ್ನು ನಾನು ಕಾಯಿಲೆ ಎನ್ನುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯೂ ಎನ್ನುವುದಿಲ್ಲ. ಅದಕ್ಕೆ ಹೊತ್ತುಗೊತ್ತಿದೆ, ವ್ರತವಿದೆ, ಸುತ್ತ ಜನರಿದ್ದಾರೆ, ಮುಗಿದ ಮೇಲೆ ಅವನು ತನ್ನ ಮನೆಗೆ ಹೋಗಿ ಊಟ ಮಾಡುತ್ತಾನೆ. ಕರೆಯದೆ ಬಂದು ಬದುಕನ್ನೇ ಹಾಳುಮಾಡುವುದು ಬೇರೆ. ಬೇವಿನ ಬರಲಿನ ಏಟು, ಮೆಣಸಿನಕಾಯಿ ಹೊಗೆ ಇವೆಲ್ಲ ಹಳೆಯ ಗಾಯದ ಮೇಲೆ ಹೊಸ ಗಾಯ. ನಾನು ಹಿಡಿದ ಅಮೋನಿಯಾ ಹತ್ತಿಯೂ ಅದೇ ಜಾತಿ.

ಈಗ ನೀನು ಮಾಡಬಹುದಾದ ತಪ್ಪೊಂದಿದೆ, ಒಳ್ಳೆಯ ಗಂಡಂದಿರೇ ಅದನ್ನು ಹೆಚ್ಚಾಗಿ ಮಾಡುತ್ತಾರೆ. ನಟನೆಯಲ್ಲ ಎಂದು ಗೊತ್ತಾದ ಕೂಡಲೇ "ಹಾಗಾದರೆ ಏನಾಗಿತ್ತು, ಯಾರು, ಯಾವಾಗ, ನನಗಾದರೂ ಹೇಳು" ಎಂದು ಕೂರುವುದು. ಕೇಳಬೇಡ. ನೆಲ ಗಟ್ಟಿಯಾಗುವ ಮೊದಲೇ ಅಗೆದರೆ ಒಡ್ಡು ಮತ್ತೆ ಕುಸಿಯುತ್ತದೆ. ಮೊದಲು ಸುರಕ್ಷತೆ, ನಿದ್ದೆ, ದಿನಚರಿ. ನೆನಪಿನ ಕೆಲಸ ಆಮೇಲೆ, ತರಬೇತಿ ಇರುವ ಮನಶ್ಶಾಸ್ತ್ರಜ್ಞರ ಜೊತೆ. ಕೆಲವರಿಗೆ ಹೇಳಿಕೊಳ್ಳುವಂಥ ದೊಡ್ಡ ಘಟನೆ ಇರುವುದೇ ಇಲ್ಲ, ವರ್ಷಗಟ್ಟಲೆ ನುಂಗಿಕೊಂಡ ಸಣ್ಣಪುಟ್ಟವೇ ಇರುತ್ತವೆ. ಅವಳು ತಾನಾಗಿ ಹೇಳಿದರೆ ಕೇಳಿಸಿಕೋ, ತೀರ್ಪು ಕೊಡಬೇಡ, ನಾಳೆಯೇ ಯಾರ ಮನೆಗೋ ಜಗಳಕ್ಕೆ ಹೊರಡಬೇಡ. ಹೇಳದಿದ್ದರೆ ಅದು ಅವಳ ಹಕ್ಕು. ಅವಳ ಕಾಯಿಲೆಯ ಗುಟ್ಟು ಕಾಪಾಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಆಸ್ಪತ್ರೆಗೇ ಹೇಳುತ್ತದೆ. ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಅದು ಯಾಕೆ ಗೊತ್ತಾಗಬೇಕು?

ಮೂರ್ಛೆ ಬಂದಾಗ ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡು, ಜನರನ್ನು ಹೊರಗೆ ಕಳಿಸು, ಕೈಕಾಲು ಅದುಮಿ ಹಿಡಿಯಬೇಡ. ಮೆಲುದನಿಯಲ್ಲಿ ನೀನು ಯಾರು, ಅವಳು ಎಲ್ಲಿದ್ದಾಳೆ ಎಂದು ಹೇಳುತ್ತಿರು. ಶುರುವಾಗುವ ಸುಳಿವು ಅವಳಿಗೇ ಸಿಕ್ಕಿದರೆ ಪಾದವನ್ನು ನೆಲಕ್ಕೆ ಊರಲಿ, ಏಲಕ್ಕಿ ಜಗಿಯಲಿ, ಕಣ್ಣೆದುರಿನ ಐದು ವಸ್ತುಗಳ ಹೆಸರು ಹೇಳಲಿ. ಎಚ್ಚರವಾದಾಗ ಕಾಫಿ ಬೇಕೇ ಎಂದು ಕೇಳು, ಸಾಕು. ಡಿಸೋಸಿಯೇಷನ್ನಿಗೆ ಎಂದೇ ಮಾಡಿದ ಮಾತ್ರೆ ಇಲ್ಲ, ಮಾತಿನ ಚಿಕಿತ್ಸೆಯೇ ಮುಖ್ಯ. ಖಿನ್ನತೆ, ಗಾಬರಿ ಜೊತೆಗಿದ್ದರೆ ಅದಕ್ಕೆ ಔಷಧಿ ಕೊಡುತ್ತಾರೆ. ನೀವಿರುವ ಊರಿನಲ್ಲೇ ನಿಮ್ಹಾನ್ಸ್ ಇದೆ. ಅಪರಾತ್ರಿಯಲ್ಲಿ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು, ಕನ್ನಡದಲ್ಲೇ ಮಾತನಾಡುತ್ತಾರೆ. ನಿನಗೂ ಭಯವಾದರೆ ಅದೇ ಸಂಖ್ಯೆ.

ಪ್ರತಿ ಸಲವೂ ನಿನ್ನ ಅಮ್ಮ ಅವಳ ಮುಷ್ಟಿಯಲ್ಲಿ ಕಬ್ಬಿಣದ ಬೀಗದ ಕೈ ಇಡುತ್ತಾಳಲ್ಲ, ಆ ವಿಚಾರವನ್ನು ನೀನು ಎತ್ತಬೇಡ, ಈ ಪತ್ರವನ್ನೂ ತೋರಿಸಬೇಡ. ಕೊಯ್ಲು ಮುಗಿದ ವಾರ ನಾನೇ ರಾತ್ರಿ ಬಸ್ ಹತ್ತಿ ಬರುತ್ತೇನೆ. ಅರವತ್ತು ವರ್ಷದಿಂದ ನನ್ನ ಬೈಗುಳ ತಿಂದು ಬೆಳೆದವಳು ಅವಳು, ನನ್ನ ಮಾತಾದರೆ ಕೇಳಿಯಾಳು. ನಮ್ಮ ಸೊಸೆಗೆ ಮಿಡಿ ಉಪ್ಪಿನಕಾಯಿ ಇಷ್ಟವೋ, ಅಪ್ಪೆಹುಳಿ ಇಷ್ಟವೋ ಕೇಳಿ ತಿಳಿಸು.

ಇಂತಿ ನಿನ್ನ,
ದೊಡ್ಡಮ್ಮ