ಕರುಳಿನ ಕ್ಯಾನ್ಸರ್: ಈ ಪರೀಕ್ಷೆ ಎಲ್ಲರಿಗೂ ಸಿಗಲಿ

ಮಾನ್ಯರೇ,

ದೊಡ್ಡ ಕರುಳಿನ ಕ್ಯಾನ್ಸರ್ ಕುರಿತ ಬರಹಗಳಲ್ಲಿ ‘ವಂಶವಾಹಿ’ ಎಂಬ ಪದ ಕಂಡೊಡನೆ, ಅದು ಹೆತ್ತವರಿಂದ ಬಂದ ಕಾಯಿಲೆಯೆಂದೇ ಹಲವರು ತಿಳಿಯುತ್ತಾರೆ. ‘ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ, ಮತ್ತೇಕೆ ಜೀನ್ ಪರೀಕ್ಷೆ?’ ಎಂದು ರೋಗಿಯ ಕಡೆಯವರು ನಮ್ಮ ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಕೇಳುವುದುಂಟು.

ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇರುವ ವಂಶವಾಹಿಗಳು ಒಂದೇ. ಅವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡುತ್ತದೆ, ಯಾವುದು ಸುಮ್ಮನಿರುತ್ತದೆ ಎಂಬುದು ಮಾತ್ರ ಬೇರೆ. ಇದನ್ನೇ ವಂಶವಾಹಿಯ ಅಭಿವ್ಯಕ್ತಿ ಎನ್ನುತ್ತೇವೆ. ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಇ-ಕ್ಯಾಡ್‌ಹೆರಿನ್ ಪ್ರೋಟೀನಿನ ತಯಾರಿ ಕುಗ್ಗಿದರೆ ಗಡ್ಡೆಯ ಕೋಶಗಳು ಸಡಿಲಗೊಂಡು ಸುತ್ತಲಿನ ಅಂಗಾಂಶಕ್ಕೆ ನುಗ್ಗುತ್ತವೆ. ಕರುಳಿನ ರಕ್ತ ಬಹುಪಾಲು ನೇರವಾಗಿ ಯಕೃತ್ತಿಗೆ ಹರಿಯುವುದರಿಂದ ಈ ಕೋಶಗಳು ಅಲ್ಲಿಯೇ ಹೆಚ್ಚಾಗಿ ನೆಲೆಯೂರುತ್ತವೆ. 2009ರಲ್ಲಿ ಬರ್ಲಿನ್‌ನ ಸಂಶೋಧಕರು ಎಂಎಸಿಸಿ1 ಎಂಬ ವಂಶವಾಹಿಯನ್ನು ಗುರುತಿಸಿ, ಮೂಲ ಗಡ್ಡೆಯಲ್ಲಿ ಅದರ ಅಭಿವ್ಯಕ್ತಿ ಹೆಚ್ಚಿದ್ದವರಲ್ಲಿ ಮುಂದೆ ರೋಗ ಹರಡುವ ಸಂಭವವೂ ಹೆಚ್ಚೆಂದು ತೋರಿಸಿದರು. ಅದಿನ್ನೂ ದಿನನಿತ್ಯದ ಪರೀಕ್ಷೆಯಾಗಿಲ್ಲ.

ಆದರೆ ಡಿಎನ್‌ಎ ನಕಲಾಗುವಾಗಿನ ತಪ್ಪುಗಳನ್ನು ತಿದ್ದುವ ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕು ಪ್ರೋಟೀನುಗಳ ಪರೀಕ್ಷೆ ಇಂದೇ ಸಾಧ್ಯವಿದೆ. ಎಂಎಲ್‌ಎಚ್1 ಇಲ್ಲದ ಗಡ್ಡೆಯ ತೆಳು ಪದರಕ್ಕೆ, ಆ ಪ್ರೋಟೀನ್ ಇರುವಲ್ಲಿ ಕಂದು ಮೂಡುವಂತೆ ಬಣ್ಣ ಹಾಕಿ, ಸ್ಲೈಡನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಪಕ್ಕದ ಆರೋಗ್ಯವಂತ ಕೋಶಗಳ ಕೇಂದ್ರಗಳು ಕಂದು ಬಣ್ಣಕ್ಕೆ ತಿರುಗಿದ್ದರೂ ಗಡ್ಡೆಯ ಕೋಶಗಳ ಕೇಂದ್ರಗಳು ತಿಳಿನೀಲಿಯಾಗಿಯೇ ಉಳಿದಿರುತ್ತವೆ. ಇಷ್ಟು ವರ್ಷ ನೋಡಿದರೂ ಆ ನೀಲಿ ಕಂಡಾಗ ನಾನು ಕಣ್ಣು ತೆಗೆಯದೆ ನೋಡುತ್ತೇನೆ. ಬಹಳ ರೋಗಿಗಳಲ್ಲಿ ಈ ಪ್ರೋಟೀನಿನ ಕೊರತೆ ವಂಶಪಾರಂಪರ್ಯವಲ್ಲ. ವಂಶವಾಹಿ ಇದ್ದಲ್ಲೇ ಇದ್ದು, ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪುಗಳು ಅಂಟಿಕೊಂಡದ್ದರಿಂದ ಅದರ ಕೆಲಸ ನಿಂತಿರುತ್ತದೆ. ಕೆಲವರಲ್ಲಿ ಮಾತ್ರ ಲಿಂಚ್ ಸಿಂಡ್ರೋಮ್, ಅಂದರೆ ಈ ತಿದ್ದುವ ವಂಶವಾಹಿಗಳ ದೋಷ ಹೆತ್ತವರಿಂದಲೇ ಬಂದಿರುವ ಸ್ಥಿತಿ, ಹೊರಬೀಳುತ್ತದೆ. ಆಗ ಒಡಹುಟ್ಟಿದವರನ್ನೂ ಮಕ್ಕಳನ್ನೂ ತಪಾಸಣೆಗೆ ಕರೆಸಬೇಕಾಗುತ್ತದೆ. ರೋಗ ಬೇರೆ ಅಂಗಗಳಿಗೆ ಹರಡಿದ್ದರೂ ತಿದ್ದುವ ಪ್ರೋಟೀನ್ ಇಲ್ಲದ ಇಂತಹ ಗಡ್ಡೆಗಳಿಗೆ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಔಷಧಿಗಳು ಸಾಮಾನ್ಯ ಕೀಮೋಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಹೀಗಿರುವಾಗ ಈ ಪರೀಕ್ಷೆ ಹಣವಿದ್ದವರಿಗಷ್ಟೇ ದಕ್ಕುವುದು ಸರಿಯಲ್ಲ.

ಕರುಳಿನ ಕ್ಯಾನ್ಸರ್ ಖಚಿತವಾದ ಪ್ರತಿಯೊಬ್ಬರಿಗೂ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಉಚಿತವಾಗಿ ಆಗುವಂತೆ ಆರೋಗ್ಯ ಇಲಾಖೆ ವ್ಯವಸ್ಥೆ ಮಾಡಬೇಕೆಂದು ವಿನಂತಿಸುತ್ತೇನೆ. ಜಿಲ್ಲಾಸ್ಪತ್ರೆಗಳಲ್ಲಿ ಸೌಲಭ್ಯವಿಲ್ಲದಿದ್ದರೆ ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕನ್ನು ವೈದ್ಯಕೀಯ ಕಾಲೇಜಿಗೆ ಕಳುಹಿಸಿದರೂ ಸಾಕು. ರೋಗಿಗಳ ಮನೆಯವರು ಸಹ ಡಿಸ್ಚಾರ್ಜ್ ಆಗುವಾಗ ಆ ಬ್ಲಾಕ್ ಎಲ್ಲಿದೆ, ಅದರ ಸಂಖ್ಯೆ ಯಾವುದು ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು.

– ರೋಗಶಾಸ್ತ್ರ ತಜ್ಞೆ, ಹುಬ್ಬಳ್ಳಿ